ಹಸಿರು ಪಟ್ಟಿಯಲ್ಲಿ ಎಲ್ಲರೂ ಕ್ಷೇಮ

ನಮ್ಮ ಮನೆಯ ಟಿ.ವಿ. ಕಪ್ಪು-ಬಿಳುಪಿನದು. ಆದರೂ ಅದರಲ್ಲಿ ಮೂರು ಬಣ್ಣಗಳಿದ್ದವು: ಮೇಲೆ ನೀಲಿ, ನಡುವೆ ಕೆಂಪು, ಕೆಳಗೆ ಹಸಿರು. ಅದು ಟಿ.ವಿ.ಯ ಗುಣವಲ್ಲ, ಅದರ ಮುಂದೆ ನಮ್ಮವರು ಕೊಕ್ಕೆ ಹಾಕಿ ತೂಗಿಬಿಟ್ಟಿದ್ದ ಪ್ಲಾಸ್ಟಿಕ್ ಹಾಳೆಯ ಗುಣ. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯವನೊಬ್ಬ ಅದನ್ನು ಇವರಿಗೆ ಒಪ್ಪಿಸಿದ ರೀತಿಯನ್ನು ಇವರು ಎಷ್ಟು ಸಲ ಹೇಳಿದ್ದರೆಂದರೆ ನನಗೆ ಬಾಯಿಪಾಠವಾಗಿತ್ತು.

"ಆಕಾಶ ಎಲ್ಲಿರುತ್ತೆ ಸಾರ್? ಮೇಲೆ. ಅದು ನೀಲಿ. ಹುಲ್ಲು ಎಲ್ಲಿರುತ್ತೆ? ಕೆಳಗೆ. ಅದು ಹಸಿರು. ಮಧ್ಯ ಮನುಷ್ಯರು, ಕೆಂಪಗೆ. ಇನ್ನೇನ್ ಬೇಕು ಸಾರ್ ಕಲರ್ ಟೀವಿಗೆ?"

ಅಂದಿನಿಂದ ವಾರ್ತೆ ಓದುವ ಹೆಂಗಸಿನ ಕೂದಲು ನೀಲಿಯಾಯಿತು, ಗಲ್ಲ ಕೆಂಪಾಯಿತು, ಹಾಳೆ ಹಿಡಿದ ಕೈ ಹಸಿರಾಯಿತು. ನಮ್ಮತ್ತೆ ಮೊದಲ ದಿನ ನೋಡಿ, "ಪಾಪ, ಯಾರೋ ಈ ಹುಡುಗಿಗೆ ಗೋರಂಟಿ ಹಾಕಿ ತೊಳೆಯೋದು ಮರ್ತಿದಾರೆ" ಎಂದರು. ನಾಲ್ಕನೆಯ ದಿನಕ್ಕೆ ನಮಗೆಲ್ಲ ಅಭ್ಯಾಸವಾಗಿಹೋಯಿತು. ಕಣ್ಣಿಗೆ ಎಲ್ಲವೂ ಅಭ್ಯಾಸವಾಗುತ್ತದೆ.

ಆಗ ನಾವು ಜೆ.ಪಿ. ನಗರದಲ್ಲಿ ಹೊಸದಾಗಿ ಮನೆ ಕಟ್ಟಿಸಿಕೊಂಡಿದ್ದೆವು. ಎಂಬತ್ತರ ದಶಕದ ನಡುವಿನ ಮಾತು. ನಮ್ಮ ರಸ್ತೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸಾರಕ್ಕಿಯಿಂದ ಸೊಪ್ಪಿನವಳು ಬೆಳಿಗ್ಗೆ ಗದ್ದೆ ಬದುವಿನ ಮೇಲೆಯೇ ನಡೆದು ಬರುತ್ತಿದ್ದಳು. ಮನೆಯಲ್ಲಿ ನಾನು, ನಮ್ಮವರು, ಅತ್ತೆ, ಮತ್ತು ಮಧ್ಯಾಹ್ನವೆಲ್ಲ ಶಾಲೆಯಲ್ಲಿರುತ್ತಿದ್ದ ನಮ್ಮ ಮಗಳು. ಮಾವ ತೋಟ ನೋಡಿಕೊಂಡು ಊರಿನಲ್ಲೇ ಇದ್ದರು. ನನ್ನ ಮೈದುನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದು ಭಾನುವಾರ ಮಾತ್ರ ಊಟಕ್ಕೆ ಬರುತ್ತಿದ್ದ.

ಈ ಮೈದುನನನ್ನು ಕಾರ್ಖಾನೆಯವರು ಮೂರು ತಿಂಗಳ ತರಬೇತಿಗೆ ವಿದೇಶಕ್ಕೆ ಕಳಿಸಿದರು. ಬರುವಾಗ ಅಮ್ಮನಿಗೊಂದು ಶಾಲು, ಅತ್ತಿಗೆಗೊಂದು ಸೆಂಟು ತಂದಾನೆಂದು ನಾವು ಕಾಯುತ್ತಿದ್ದರೆ, ಅವನು ಟೈಪ್‌ರೈಟರಿನ ಮರಿಯಂಥದೊಂದು ಕರಿ ಹಲಗೆ ತಂದ. ಅದರ ಮೇಲೆ ರಬ್ಬರಿನ ಗುಂಡಿಗಳು. ಅದನ್ನು ಟಿ.ವಿ.ಗೆ ಸಿಕ್ಕಿಸಿ, ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿದರೆ ಟಿ.ವಿ.ಯಲ್ಲಿ ಆಟ ಮೂಡುತ್ತದಂತೆ. ಮೂಡುವುದಕ್ಕೆ ಮೊದಲು ಐದು ನಿಮಿಷ ಕ್ಯಾಸೆಟ್ಟು ಕಿರುಚುತ್ತಿತ್ತು. ಬೇಳೆಗೆ ಕುಕ್ಕರ್ ಇಟ್ಟು ಬಂದರೆ ಮೂರನೆಯ ಸೀಟಿಗೂ ಆಟಕ್ಕೂ ಸರಿಹೋಗುತ್ತಿತ್ತು. "ಹೊಟ್ಟೆನೋವು ಬಂದ ಬೆಕ್ಕು ಇದ್ದ ಹಾಗಿದೆ, ಇದಕ್ಕೇನಾದ್ರೂ ಕಷಾಯ ಮಾಡಿ" ಎಂದರು ಅತ್ತೆ. ತಂದ ಎರಡು ಕ್ಯಾಸೆಟ್ಟುಗಳಲ್ಲಿ ಒಂದನ್ನು ನಮ್ಮ ಟೇಪ್ ರೆಕಾರ್ಡರು ಮೊದಲ ದಿನವೇ ಜಗಿದುಹಾಕಿತು. ಉಳಿದದ್ದು ಗಣಿಯ ಆಟ.

ಅದು ಗುಂಡು ಹಾರಿಸುವ ಆಟವಲ್ಲ, ಒಂದು ಕಲ್ಲಿದ್ದಲು ಗಣಿಯನ್ನು ನಡೆಸುವ ಆಟ. ಮೇಲೆ ನೆಲ, ನೆಲದ ಮೇಲೊಂದು ಆಸ್ಪತ್ರೆ ಗುಡಿಸಲು, ಕೆಳಗೆ ಸಾಲುಸಾಲು ಸುರಂಗಗಳು. ಬೆರಳಿನ ಉಗುರಿನಷ್ಟು ಗಾತ್ರದ ಎಂಟು ಮಂದಿ ಕೆಲಸಗಾರರು. ಅವರನ್ನು ಗುಂಡಿ ಒತ್ತಿ ಇಳಿಸಬೇಕು, ಅಗೆಸಬೇಕು, ಹತ್ತಿಸಬೇಕು. ಒಮ್ಮೊಮ್ಮೆ ಮೇಲಿಂದ ಕಲ್ಲು ಬೀಳುತ್ತದೆ, ಯಾರಿಗಾದರೂ ಪೆಟ್ಟಾಗುತ್ತದೆ. ಮೈದುನ ಎಲ್ಲ ಜೋಡಿಸಿಕೊಟ್ಟು, ಹಾಳೆ ಮುಚ್ಚಿದ್ದ ಟಿ.ವಿ.ಯ ಕಡೆ ತಿರುಗಿಯೂ ನೋಡದೆ, ಬಸ್ಸು ತಪ್ಪುತ್ತದೆಂದು ಓಡಿದ. ಜೊತೆಗೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಇವರು ನನ್ನ ಕೈಗೆ ಕೊಟ್ಟರು.

"ಓದು. ಕಾನ್ವೆಂಟಲ್ಲಿ ಓದಿದೀಯಲ್ಲ."

ನಮ್ಮ ಮನೆಯಲ್ಲಿ ನನ್ನ ಕಾನ್ವೆಂಟು ಉಪಯೋಗಕ್ಕೆ ಬರುತ್ತಿದ್ದುದು ಔಷಧಿ ಬಾಟಲಿಯ ಚೀಟಿ ಓದುವುದಕ್ಕೆ ಮತ್ತು ಇಂಥದಕ್ಕೆ. ಸಾಸಿವೆ ಗಾತ್ರದ ಅಕ್ಷರ. ಓದಿ ಹೇಳಿದೆ: ಕೆಲಸಗಾರನಿಗೆ ಆಗಿರುವ ಗಾಯ ಎಂಥದೆಂಬುದನ್ನು ಅವನ ಬಣ್ಣ ತಿಳಿಸುತ್ತದೆ. ಹಸಿರಾಗಿದ್ದರೆ ಆರೋಗ್ಯ. ಹಳದಿಯಾದರೆ ಸಣ್ಣ ಪೆಟ್ಟು. ಕೆಂಪಾದರೆ ಜೋರು ಪೆಟ್ಟು, ಕೂಡಲೇ ಗುಡಿಸಲಿಗೆ ಕಳಿಸತಕ್ಕದ್ದು. ಕೆಂಪಾದವನನ್ನು ದುಡಿಸುತ್ತಲೇ ಇದ್ದರೆ ಅವನು ಹೋದ ಹಾಗೆ, ಅವನಿದ್ದಲ್ಲಿ ಒಂದು ಗೀಟು ಮೂಡುತ್ತದೆ.

ಅತ್ತೆ ಎರಡು ಸಲ ಕೇಳಿ ಮನನ ಮಾಡಿಕೊಂಡರು. ಕನ್ನಡಕ ಹಾಕಿಕೊಂಡು ಮಣೆ ಎಳೆದುಕೊಂಡು ಟಿ.ವಿ.ಯ ಮುಂದೆ ಕೂತರು. ಆ ಕಾಲದಲ್ಲಿ ಟಿ.ವಿ.ಯಲ್ಲಿ ಕಾರ್ಯಕ್ರಮ ಶುರುವಾಗುತ್ತಿದ್ದುದೇ ಸಂಜೆ. ಹಾಗಾಗಿ ಮಧ್ಯಾಹ್ನ ಊಟದ ಮೇಲೆ ಅದು ಪೂರಾ ನಮ್ಮದು. ಅತ್ತೆಗೆ ಈ ಆಟ ಹಿಡಿಸಿದ್ದಕ್ಕೆ ಕಾರಣ ನನಗೆ ಕೂಡಲೇ ಹೊಳೆಯಿತು. ಎಂಟು ಮಂದಿ ಇದ್ದಾರೆ, ಯಾರೂ ಎದುರು ಮಾತಾಡುವುದಿಲ್ಲ.

ಆದರೆ ಆ ಎಂಟು ಮಂದಿ ಸಾಯುತ್ತಿದ್ದ ವೇಗ ಭಯಂಕರವಾಗಿತ್ತು.

"ಮಧ್ಯದ ಸುರಂಗದಲ್ಲಿ ಇದಾನಲ್ಲ, ಕೆಂಪಗಾಗಿಬಿಟ್ಟಿದಾನೆ ನೋಡೇ. ಪೆಟ್ಟಾಗಿದೆ" ಎನ್ನುವರು ಅತ್ತೆ. "ಇರು, ಕೆಳಗೆ ಇಳಿಸ್ತೀನಿ. ಕೆಳಗೆ ತಂಪಿರುತ್ತೆ." ಅವನು ಕೆಳಗಿಳಿಯುತ್ತಲೂ ಅಚ್ಚ ಹಸಿರಾಗಿಬಿಡುವನು. "ನೋಡ್ದಾ? ಆಸ್ಪತ್ರೇನೂ ಬೇಡ, ಏನೂ ಬೇಡ. ವಾಸಿಯಾಗೋಯ್ತು." ಆಮೇಲೆ ಅವನನ್ನು ಇನ್ನೊಂದಿಷ್ಟು ಅಗೆಸುವರು. ಒಂದು ನಿಮಿಷದಲ್ಲಿ ಗೀಟು.

"ಈಗ ತಾನೇ ಹಸಿರಾಗಿದ್ನಲ್ಲೇ! ಏನಾಯ್ತು ಇವನಿಗೆ? ಹೃದಯದ ತೊಂದರೆ ಏನಾದ್ರೂ ಇತ್ತೋ?"

ಗುಡಿಸಲಿನ ಹತ್ತಿರ ಹೋದವರು ನೀಲಿಯಾಗುತ್ತಿದ್ದರು. ಪುಸ್ತಕದಲ್ಲಿ ನೀಲಿಯ ಸುದ್ದಿಯೇ ಇರಲಿಲ್ಲ. ಹಾವು ಕಚ್ಚಿದರೆ ಮೈ ನೀಲಿಯಾಗುತ್ತದೆ, ಆದ್ದರಿಂದ ಮೇಲೆ ಹಾವಿದೆ ಎಂದು ಅತ್ತೆ ತೀರ್ಮಾನಿಸಿ ಆ ಕಡೆಗೆ ಯಾರನ್ನೂ ಬಿಡುತ್ತಿರಲಿಲ್ಲ. ನಾನೂ ತಲೆಯಾಡಿಸಿದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ವಾರವಿಡೀ ಆ ಹಾಳೆ ನಮ್ಮಿಬ್ಬರಲ್ಲಿ ಯಾರ ತಲೆಗೂ ಬರಲಿಲ್ಲ. ಕೊಕ್ಕೆ ಹಾಕಿದ್ದ ಇವರಿಗೂ ಬರಲಿಲ್ಲ.

ಒಂದು ಸಂಗತಿಯನ್ನು ಮಾತ್ರ ನಾನು ಬೇರೆಯಾಗಿ ಗಮನಿಸಿದ್ದೆ. ಗಟ್ಟಿಯಾಗಿರುವ ಕೆಲಸಗಾರನ ಕಾಲು ಟಕಟಕ ಆಡುತ್ತಿತ್ತು. ಕೆಲವರು ಮಾತ್ರ ನಾಲ್ಕು ಹೆಜ್ಜೆ ಹಾಕಿ ಒಂದು ಕ್ಷಣ ನಿಂತು ಮತ್ತೆ ನಡೆಯುತ್ತಿದ್ದರು. ನಿಲ್ಲುವುದು ಹೆಚ್ಚಾಯಿತೆಂದರೆ ಅವರೇ ಸಾಯುತ್ತಿದ್ದರು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಕಾನ್ವೆಂಟಿನಲ್ಲಿ ಕಾಯಿಲೆ ಕೋಣೆಯ ಸಿಸ್ಟರು ಒಬ್ಬರಿದ್ದರು. ಅವರ ಶಾಸ್ತ್ರವೂ ಇಷ್ಟೇ. ನಾವು ಬಾಗಿಲಿನಿಂದ ಮಂಚದವರೆಗೆ ನಡೆಯುವುದನ್ನು ನೋಡುವರು. ನಾವು ಏನು ಹೇಳಿದರೂ ಕೇಳುತ್ತಿರಲಿಲ್ಲ, ಏಕೆಂದರೆ ನಾವು ಹೇಳುತ್ತಿದ್ದುದು ಒಂದೇ: ಚೆನ್ನಾಗಿದ್ದೇನೆ ಸಿಸ್ಟರ್, ಥ್ಯಾಂಕ್ಯೂ.

ಇಲ್ಲಿ ನನ್ನ ನಾದಿನಿಯ ವಿಷಯ ಹೇಳಬೇಕು. ಅವಳಿಗಾಗ ಏಳು ತಿಂಗಳು. ಸೀಮಂತ ಮುಗಿದಿತ್ತು, ಇನ್ನೂ ಗಂಡನ ಮನೆಯಲ್ಲೇ ಇದ್ದಳು, ಹೆರಿಗೆಗೆ ಇನ್ನೊಂಬತ್ತು ವಾರ. ಬಾಣಂತನ ನಮ್ಮ ಮನೆಯಲ್ಲೇ. ಅತ್ತೆ ಆಗಲೇ ಹಂಡೆ ಉಜ್ಜಿಸಿದ್ದರು, ಹಳೆ ಸೀರೆಗಳನ್ನು ಹರಿದು ಮಡಿಸಿಟ್ಟಿದ್ದರು. ಮಗುವಿಗೆ ಎರೆಯುವುದು ತಾವೇ, ಬೇರೆ ಯಾರೂ ಮುಟ್ಟಕೂಡದು ಎಂದು ಸಾರಿದ್ದರು. ಅದಕ್ಕೆ ಹಿನ್ನೆಲೆಯಿದೆ. ನನ್ನ ಮಗಳು ಹುಟ್ಟಿದ್ದು ನನ್ನ ತವರಿನಲ್ಲಿ. ಐದು ತಿಂಗಳಾಗಿ, ಕತ್ತು ನಿಂತ ಮೇಲೆ ಇಲ್ಲಿಗೆ ಬಂದಳು. ಅತ್ತೆ ಅವಳನ್ನು ಕಾಲ ಮೇಲೆ ಹಾಕಿಕೊಂಡರೆ ಎದ್ದು ಕೂರಲು ನೋಡುತ್ತಿದ್ದಳು. "ಇದೇನು ಎರೆಯೋದು, ಪೈಲ್ವಾನ್ ಜೊತೆ ಕುಸ್ತಿ" ಎಂದಿದ್ದರು ಅತ್ತೆ ನಗುತ್ತಲೇ. ಅವರ ಕಾಲ ಮೇಲೆ ಹಸುಗೂಸು ಮಲಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಆಸೆ ಎಷ್ಟಿತ್ತೆಂದರೆ, ಕೆಲವು ಸಲ ಟಿ.ವಿ. ಮುಂದೆ ಕೂತಾಗ ತಮಗೆ ಗೊತ್ತಿಲ್ಲದೆಯೇ ಕಾಲು ನೀಡಿ ಮಂಡಿಯನ್ನು ತಟ್ಟಿಕೊಳ್ಳುತ್ತಿದ್ದರು.

ಆ ವಾರದ ಬುಧವಾರ ನಾನು ಮಗಳ ಶಾಲೆಯಿಂದ ಬಂದಾಗ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಬಕೆಟ್ಟು ಮಗುಚಿತ್ತು. ಅತ್ತೆ ಒಳಗೆ ಕೂತು ದೇವರ ಬತ್ತಿ ನೋಡುತ್ತಿದ್ದರು. ನೋಡುತ್ತಿದ್ದರು, ಹೊಸೆಯುತ್ತಿರಲಿಲ್ಲ.

"ಬೆಕ್ಕು ಬಕೆಟ್ ಬೀಳಿಸ್ತು" ಎಂದರು, ನಾನು ಕೇಳುವ ಮೊದಲೇ.

ನೀರು ತುಂಬಿದ ಬಕೆಟ್ಟನ್ನು ಬೀಳಿಸುವ ಬೆಕ್ಕು ಜೆ.ಪಿ. ನಗರದಲ್ಲಿ ಇರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಸೌಟನ್ನು ನನ್ನ ಕಡೆ ಸರಿಸಿ, "ಇವತ್ತಿಂದ ನೀನೇ ಬಡ್ಸು. ನಂಗ್ಯಾಕೋ ನೆಗಡಿ" ಎಂದರು. ನಾನು ಸೊಸೆಯಾಗಿ ಬಂದು ಒಂಬತ್ತು ವರ್ಷ. ಸಾರಿನ ಸೌಟು ನನ್ನ ಕೈಗೆ ಬಂದಿರಲಿಲ್ಲ. ಜ್ವರದಲ್ಲೂ ಗೋಡೆ ಹಿಡಿದುಕೊಂಡು ಬಡಿಸಿದ ಹೆಂಗಸು ನೆಗಡಿಗೆ ಸೌಟು ಬಿಡುವುದೆಂದರೇನು? ಇವರಿಗೆ ಇದ್ಯಾವುದೂ ಕಾಣಲಿಲ್ಲ. "ಸಾರಿಗೆ ಉಪ್ಪು ಕಮ್ಮಿ" ಎಂಬುದು ಮಾತ್ರ ಕಂಡಿತು.

ಗುರುವಾರ ಸೊಪ್ಪಿನವಳು ಬಂದಳು. ಎಡಗೈಯಲ್ಲಿ ಕೊಟ್ಟರೆ, ತೆಗೆದುಕೊಂಡರೆ ನಮ್ಮತ್ತೆ ಸಹಿಸುತ್ತಿರಲಿಲ್ಲ. ನನ್ನ ಮಗಳ ಎಡಗೈಗೆ ಅವರ ಬೆರಳಿನ ಏಟು ಎಷ್ಟು ಬಿದ್ದಿತ್ತೋ. ಅಂದು ಅವರು ಕೈಯನ್ನೇ ನೀಡಲಿಲ್ಲ. ಎಡ ಕಂಕುಳಿಗೆ ಮೊರ ಅವುಚಿಕೊಂಡು ನಿಂತು, "ಇದರಲ್ಲೇ ಹಾಕ್ಬಿಡು" ಎಂದರು.

"ಯಾಕ್ರಮ್ಮಾ, ನಾನು ಮುಟ್ಟಿದ್ ಸೊಪ್ಪು ಕೈಲಿ ಇಸ್ಕಳಕ್ಕಾಗಲ್ವಾ ಇವತ್ತು?" ಎಂದು ಸೊಪ್ಪಿನವಳು ಸೊಂಟದ ಮೇಲೆ ಕೈಯಿಟ್ಟಳು.

"ಏ ಹೋಗೇ, ಮಣ್ಣಿದೆ ಸೊಪ್ಪಲ್ಲಿ."

"ಇಷ್ಟ್ ದಿನ ಮಣ್ಣಿರ್ನಿಲ್ವಾ?"

ಶುಕ್ರವಾರ ಬಾಗಿಲ ರಂಗೋಲಿಯ ಗೆರೆ ಬಲಕ್ಕೆ ವಾಲಿತ್ತು. ಕಾಸಿನಗಲ ದುಂಡಗಿರುತ್ತಿದ್ದ ಅವರ ಕುಂಕುಮ ಹುಬ್ಬಿನ ಕಡೆ ಜಾರಿತ್ತು. ಮಧ್ಯಾಹ್ನ ಗಣಿಯ ಆಟದಲ್ಲಿ ಎಡಗೈಯೊಂದರಿಂದಲೇ ಗುಂಡಿ ಒತ್ತುತ್ತಿದ್ದರು, ಬಲಗೈ ಸೆರಗಿನೊಳಗೆ. ಕೇಳಿದರೆ, "ಚಳಿ" ಎಂದರು. ಅದು ಫೆಬ್ರವರಿಯ ಕೊನೆ. ಫ್ಯಾನ್ ಹಾಕಿದ್ದೆವು.

ಭಾನುವಾರ ಮೈದುನ ಬಂದ. ಊಟವಾಯಿತು. ನಾನೇ ಬಡಿಸಿದೆ. ಅವನಿಗೂ ಅದು ಕಾಣಲಿಲ್ಲ. ಗಂಡುಮಕ್ಕಳಿಗೆ ತಟ್ಟೆಯಲ್ಲಿರುವುದು ಕಾಣುತ್ತದೆ, ತಟ್ಟೆಗೆ ಹಾಕಿದ ಕೈ ಕಾಣುವುದಿಲ್ಲ. ಎಲ್ಲರೂ ಟಿ.ವಿ. ಮುಂದೆ ಕೂತೆವು. ಅತ್ತೆ ಉತ್ಸಾಹದಿಂದ ಮಗನಿಗೆ ತಮ್ಮ ವೈದ್ಯವನ್ನು ತೋರಿಸತೊಡಗಿದರು.

"ಇಗೋ ಇವನು ಕೆಂಪಾದ. ಈಗ ನೋಡು, ಕೆಳಗೆ ಬಿಟ್ಟೆ. ಹಸಿರಾದ."

ಮೈದುನ ಹಣೆ ಚಚ್ಚಿಕೊಂಡ. "ಅಯ್ಯೋ ಅಮ್ಮ! ಅದು ಅವನ ಬಣ್ಣ ಅಲ್ಲ, ಹಾಳೆ ಬಣ್ಣ! ಯಾರು ಹೋಗಿ ನಿಂತ್ರೂ ಅಲ್ಲಿ ಹಸಿರೇ! ಎಷ್ಟು ಜನಾನ ಸಾಯಿಸಿದೀಯ ಹೀಗೆ?"

ಅತ್ತೆ ಲೆಕ್ಕವಿಟ್ಟಿರಲಿಲ್ಲ. ನಮ್ಮವರು ಹಾಳೆಯ ಪರವಾಗಿ, "ಆದ್ರೂ ಹುಲ್ಲು ಚೆನ್ನಾಗಿ ಕಾಣ್ಸುತ್ತೆ ಕಣೋ" ಎಂದರು. ಮೈದುನ ಎದ್ದು ಕೊಕ್ಕೆ ಬಿಚ್ಚಿ ಹಾಳೆ ತೆಗೆದ. ಗಣಿ, ಗುಡಿಸಲು, ಎಂಟು ಮಂದಿ, ಎಲ್ಲ ಬೂದಿ ಬಣ್ಣ.

"ಮುಗೀತು. ಈ ಟೀವೀಲಿ ಯಾರಿಗೆ ಎಷ್ಟು ಪೆಟ್ಟಾಗಿದೆ ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಕಲರ್ ಟೀವಿ ತಗೊಳ್ಳೋವರೆಗೂ ಎತ್ತಿಡಿ."

ಅತ್ತೆಯ ಮುಖ ಸಪ್ಪಗಾಯಿತು. ಅದನ್ನು ನೋಡಲಾರದೆ ನಾನು ಬಾಯಿಬಿಟ್ಟೆ. "ಗೊತ್ತಾಗುತ್ತೆ. ಎಡಗಡೆಯಿಂದ ಮೂರನೆಯವನಿಗೆ ಜೋರಾಗಿ ಆಗಿದೆ. ಇನ್ನು ಸ್ವಲ್ಪ ಹೊತ್ತಿಗೆ ಹೋಗ್ತಾನೆ."

"ಸುಮ್ನಿರಿ ಅತ್ತಿಗೆ, ಎಲ್ಲಾ ಒಂದೇ ಥರ ಇದಾರೆ" ಎಂದು ಮೈದುನ ಹೇಳಿ ಮುಗಿಸುವಷ್ಟರಲ್ಲಿ ಮೂರನೆಯವನಿದ್ದಲ್ಲಿ ಗೀಟು ಮೂಡಿತು.

ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಅಂಥ ಗೌರವ ಆ ಮನೆಯಲ್ಲಿ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ.

"ಹೇಗೇ ಗೊತ್ತಾಯ್ತು?" ಎಂದರು ನಮ್ಮವರು.

"ಬಣ್ಣ ನೋಡ್ಬೇಡಿ, ಕೆಲಸ ಮಾಡೋದು ನೋಡಿ. ನೋವಿರೋನು ನಡುನಡುವೆ ನಿಲ್ತಾನೆ. ಮಾಮೂಲಿ ಮಾಡೋ ಕೆಲಸಾನ ಬೇರೆ ಥರ ಮಾಡ್ತಾನೆ."

ನಾನು ಗಣಿಯವನ ಬಗ್ಗೆಯೇ ಹೇಳಿದ್ದು. ಆದರೆ ಮಣೆಯ ಮೇಲೆ ಕೂತಿದ್ದ ಅತ್ತೆ ನಿಧಾನವಾಗಿ ಬಲಗೈಯನ್ನು ಸೆರಗಿನೊಳಗೆ ಇನ್ನಷ್ಟು ಎಳೆದುಕೊಂಡರು. ನನ್ನ ಕಡೆ ಒಮ್ಮೆ ನೋಡಿದರು. ಎದ್ದು, "ಕಾಫಿ ಇಡ್ತೀನಿ" ಎಂದು ಒಳಗೆ ಹೋದರು. ಫಿಲ್ಟರಿನ ಮುಚ್ಚಳ ಕೆಳಗೆ ಬಿದ್ದು ಉರುಳಿದ ಸದ್ದು ಕೇಳಿಸಿತು.

ನಾನು ಹಿಂದೆಯೇ ಹೋದೆ.

"ಕೈ ತೋರ್ಸಿ ಅತ್ತೆ."

"ಏನಾಗಿದೆ ಕೈಗೆ? ಚೆನ್ನಾಗಿದೆ."

"ಬುಧವಾರ ಬಿದ್ರಿ. ಒಗೆಯೋ ಕಲ್ಲಿನ ಹತ್ರ."

"ಬೆಕ್ಕು..." ಎಂದು ಶುರುಮಾಡಿ ನಿಲ್ಲಿಸಿದರು. ಸೆರಗಿನಿಂದ ಕೈ ಹೊರಗೆ ಬಂತು. ಮಣಿಕಟ್ಟು ಊದಿ ಬಳೆಗಳು ಮಾಂಸದೊಳಗೆ ಹೂತಿದ್ದವು. ಅರಿಶಿನ ಮತ್ತು ಸುಣ್ಣದ ಪಟ್ಟು ಒಣಗಿ ಬಿರುಕು ಬಿಟ್ಟಿತ್ತು.

"ಹುಡುಗರಿಗೆ ಹೇಳ್ಬೇಡ ಕಣೇ. ನಿಂಗೆ ಕೈ ಮುಗೀತೀನಿ" ಎಂದರು. ಮುಗಿಯುವುದಕ್ಕೆ ಹೋಗಿ ನೋವಾಗಿ ತುಟಿ ಕಚ್ಚಿಕೊಂಡರು. "ಡಾಕ್ಟರ ಹತ್ರ ಹೋದ್ರೆ ಪ್ಲಾಸ್ಟರ್ ಪಿಂಡಿಕಟ್ಟು ಹಾಕ್ತಾರೆ. ಬಿಳೀ ಕಟ್ಟು ಹಾಕ್ಕೊಂಡು ಕೂತ್ರೆ, 'ನಿಮ್ಮಮ್ಮನ ಕೈಲಿ ಏನೂ ಆಗಲ್ಲ, ಬಾಣಂತನ ಇಲ್ಲೇ ಮಾಡ್ತೀವಿ' ಅಂತ ಅವಳತ್ತೆ ಅವಳನ್ನ ಕಳಿಸೋದೇ ಇಲ್ಲ. ಕಳಿಸಿದ್ರೂ ಮಗೂಗೆ ಯಾರು ಎರೀತಾರೆ? ನೀನಾ? ನೀನು ಬಿಸಿನೀರು ನೋಡಿದ್ರೆ ಹೆದರ್ತೀಯ."

ಅದು ನಿಜ. ಹೆದರುತ್ತೇನೆ.

ನನಗೆ ವಾದ ಮಾಡಿ ಅಭ್ಯಾಸವಿಲ್ಲ. ಅಡುಗೆಮನೆಯ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಅವರ ಮುಂದಿಟ್ಟು ಬೆರಳಿಟ್ಟು ವಾರಗಳನ್ನು ಎಣಿಸಿದೆ. "ಇದು ಇವತ್ತು. ಕಟ್ಟು ಆರು ವಾರ. ಬಿಚ್ಚೋದು ಇಲ್ಲಿ. ಹೆರಿಗೆ ಇಲ್ಲಿ. ಇನ್ನೂ ಮೂರು ವಾರ ಮಿಗುತ್ತೆ. ಹೀಗೇ ಬಿಟ್ರೆ ಮೂಳೆ ಸೊಟ್ಟ ಕೂಡುತ್ತೆ. ಆಮೇಲೆ ಮಗು ಇರಲಿ, ತಂಬಿಗೆ ಎತ್ತೋಕಾಗಲ್ಲ."

ಅತ್ತೆ ಎಡಗೈ ಬೆರಳಿಟ್ಟು ವಾರಗಳನ್ನು ತಾವೂ ಒಮ್ಮೆ ಎಣಿಸಿದರು.

"ಆ ಗುಡಿಸಲಿಗೆ ಹೋದೋರು ವಾಪಸ್ ಬರ್ತಾರೇನೇ?" ಎಂದರು.

"ಪುಸ್ತಕದಲ್ಲಿ ಬರ್ತಾರೆ ಅಂತಿದೆ. ನೀವು ಒಬ್ಬರನ್ನೂ ಕಳಿಸ್ಲಿಲ್ಲ."

"ಹಾವಿದೆ ಅಂದ್ಕೊಂಡಿದ್ದೆ" ಎಂದರು ಅತ್ತೆ ಸಣ್ಣ ದನಿಯಲ್ಲಿ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಆಟೋ ಕರಿಯೋಕೆ ಹೇಳು. ಮೊದಲು ಈ ಸೀರೆ ಬದಲಾಯಿಸ್ತೀನಿ" ಎಂದರು.

ಭಾನುವಾರವಾದರೂ ಮನೆಯಲ್ಲೇ ನೋಡುತ್ತಿದ್ದ ಡಾಕ್ಟರೊಬ್ಬರು ಜಯನಗರದಲ್ಲಿದ್ದರು. ಬಳೆಗಳನ್ನು ಸೋಪು ಹಚ್ಚಿ ತೆಗೆದದ್ದಾಯಿತು. ಡಾಕ್ಟರು ಮಣಿಕಟ್ಟನ್ನು ಮೆಲ್ಲಗೆ ಒತ್ತಿ ಕೇಳಿದರು: "ನೋವು ಎಷ್ಟಿದೆ ಅಮ್ಮಾ? ಸ್ವಲ್ಪಾನಾ, ಜಾಸ್ತೀನಾ?"

ಅತ್ತೆ ನನ್ನನ್ನು ಒಮ್ಮೆ ನೋಡಿ, ಪ್ರಾಮಾಣಿಕವಾಗಿ ಯೋಚಿಸಿ ಹೇಳಿದರು. "ಕೆಂಪು ಡಾಕ್ಟ್ರೇ. ನಾಲ್ಕು ದಿನದಿಂದ ಎಲ್ರಿಗೂ ಹಸಿರು ಅಂತ ತೋರಿಸ್ಕೊಂಡು ಬಂದೆ."

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಕೈಯನ್ನು ದೀಪಕ್ಕೆ ಹಿಡಿದು ನೋಡಿದರು. "ಹಸಿರೇನೂ ಇಲ್ವಲ್ಲ? ಅರಿಶಿನ ಇದೆ."

ಎಕ್ಸ್-ರೇಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಇನ್ನೊಂದು ವಾರ ಬಿಟ್ಟಿದ್ದರೆ ಸೊಟ್ಟ ಕೂಡುತ್ತಿತ್ತು ಎಂದರು ಡಾಕ್ಟರು. ನಮ್ಮವರು ಆ ಫಿಲ್ಮನ್ನು ಕಿಟಕಿಗೆ ಹಿಡಿದು, "ಇದೂ ಕಪ್ಪು-ಬಿಳುಪೇನಾ?" ಎಂದು ಕೇಳಿದರು. ಮೈದುನ ಅಣ್ಣನ ಕೈಯಿಂದ ಅದನ್ನು ಕಿತ್ತುಕೊಂಡ.

ಪಿಂಡಿಕಟ್ಟಿನ ಆರು ವಾರ ಸೌಟು ನನ್ನ ಕೈಯಲ್ಲಿತ್ತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬಿಳಿಯ ಕೈಯನ್ನು ಟ್ರಾಫಿಕ್ ಪೊಲೀಸಿನವನಂತೆ ಎತ್ತಿ ಒಗ್ಗರಣೆ ನಿಲ್ಲಿಸುತ್ತಿದ್ದರು, ಬಿಡುತ್ತಿದ್ದರು. ನಾದಿನಿಯ ಅತ್ತೆ ಒಮ್ಮೆ ನೋಡಲು ಬಂದರು. ನಮ್ಮತ್ತೆ ಅವರು ಕೂರುವ ಮೊದಲೇ ಕ್ಯಾಲೆಂಡರು ತರಿಸಿ, ನನ್ನ ಬೆರಳನ್ನೇ ಹಿಡಿದು ವಾರ ಎಣಿಸಿ ತೋರಿಸಿದರು. ಆಕೆ ತಲೆದೂಗಿ ಕಾಫಿ ಕುಡಿದು ಹೋದರು.

ಮಧ್ಯಾಹ್ನ ಗಣಿಯೂ ನಡೆಯುತ್ತಿತ್ತು, ಹಾಳೆಯಿಲ್ಲದೆ. ಈಗ ಅತ್ತೆ ಒಬ್ಬೊಬ್ಬನ ಕಾಲನ್ನೂ ಮೂಗು ತಾಗುವಷ್ಟು ಹತ್ತಿರದಿಂದ ನೋಡುವರು. ಒಂದು ಹೆಜ್ಜೆ ತಡವಾದರೆ ಸಾಕು, ಗುಡಿಸಲಿಗೆ. ತಡವಾಗದವನೂ ಮುಂಜಾಗ್ರತೆಗೆ ಗುಡಿಸಲಿಗೆ. ಎಂಟಕ್ಕೆ ಎಂಟು ಮಂದಿ ಗುಡಿಸಲಲ್ಲಿ, ಗಣಿಯಲ್ಲಿ ನರಪಿಳ್ಳೆಯಿಲ್ಲ. ಕಲ್ಲಿದ್ದಲು ಬರಲಿಲ್ಲವೆಂದು ಆಟ ತಾನೇ ನಿಂತುಹೋಗುತ್ತಿತ್ತು.

"ಸೋತ್ರಿ ಅತ್ತೆ" ಎನ್ನುವೆ ನಾನು.

"ಯಾರಾದ್ರೂ ಸತ್ರಾ?"

"ಇಲ್ಲ."

"ಮತ್ತೆ ಸೋಲು ಹೇಗೆ? ಹಾಕು ಇನ್ನೊಂದಾಟ."

ಕಟ್ಟು ಬಿಚ್ಚಿದ ದಿನದಿಂದ ಕೈಗೆ ಎಣ್ಣೆ ನೀವಿಕೊಂಡು, ಖಾಲಿ ತಂಬಿಗೆ, ಅರ್ಧ ತಂಬಿಗೆ, ತುಂಬಿದ ತಂಬಿಗೆ ಎಂದು ಎತ್ತಿ ಅಭ್ಯಾಸ ಮಾಡಿದರು. ಮಗು ನಾಲ್ಕು ದಿನ ಮೊದಲೇ ಹುಟ್ಟಿತು, ಹೆಣ್ಣು. ಮನೆಗೆ ಬಂದ ಮೇಲೆ ಮೊದಲ ಎರೆಯುವ ದಿನ ಅತ್ತೆ ಬಚ್ಚಲಲ್ಲಿ ಮಣೆಯ ಮೇಲೆ ಕೂತು ಕಾಲು ನೀಡಿದರು. ನಾನು ಹಸುಗೂಸನ್ನು ಅವರ ಕಣಕಾಲುಗಳ ಮೇಲೆ ಮಲಗಿಸಿ, ಟವೆಲ್ ಹಿಡಿದು ಹೊಸ್ತಿಲಲ್ಲಿ ನಿಂತೆ. ಎಣ್ಣೆ ಹಚ್ಚಿದರು. ಮೂಗು ತಿದ್ದಿದರು. ತಂಬಿಗೆ ಎತ್ತಿ ಒಂದು ಹೊಯ್ದರು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಕೈ ಗಾಳಿಯಲ್ಲಿ ನಿಂತಿತು.

ನಾನು ಒಂದು ಹೆಜ್ಜೆ ಮುಂದಿಟ್ಟೆ.

"ಅಲ್ಲೇ ನಿಂತ್ಕೋ!" ಎಂದರು ಅತ್ತೆ, ತಿರುಗದೆಯೇ. "ಕೈಗೇನೂ ಆಗಿಲ್ಲ. ನಿನ್ನ ನಾದಿನಿ ಮಗಳು ನನ್ನ ಸೀರೆ ಮೇಲೆ ಉಚ್ಚೆ ಹೊಯ್ತಿದಾಳೆ. ಮುಗಿಸ್ಲಿ ಅಂತ ಕಾಯ್ತಿದೀನಿ."